ಬೇಸಿಗೆ ರಜೆಯಲ್ಲಿ ಬಳ್ಳಾರಿಯಲ್ಲಿ ಮನೆ ನೋಡಿದ ಬಗೆ

ಯುಗಾದಿ ಆಗಿ ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಬಳ್ಳಾರಿಯಲ್ಲಿ ಮನೆ ನೋಡುವವರ ಓಡಾಟ ಶುರು. ಆಷಾಢಕ್ಕೆ ಮೊದಲೇ ಗೃಹಪ್ರವೇಶ ಆಗಬೇಕೆಂಬ ಅವಸರ ಎಲ್ಲರಿಗೂ. ಕಟ್ಟಿದ ಮನೆ ಕೊಳ್ಳಲು ನಾನು ಹುಡುಕಿದ್ದೂ ಈ ರಜೆಯಲ್ಲೇ. ಬಿರುಕು, ಕಾವು, ನೀರಿನ ಕೊರತೆ ಮೂರೂ ಈಗ ಎದ್ದು ಕಾಣುತ್ತವೆ. ಸೋರುವುದು ಮಾತ್ರ ಕಾಣುವುದಿಲ್ಲ, ಅದನ್ನು ಗುರುತಿನಿಂದಲೇ ಹಿಡಿಯಬೇಕು.

ಸಿರುಗುಪ್ಪ ರಸ್ತೆಯ ಕಡೆ ಎರೆ ನೆಲ, ಅಂದರೆ ಕಪ್ಪು ಜಿಗುಟು ಮಣ್ಣು, ಹೆಚ್ಚು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ; ಮೇ ಹೊತ್ತಿಗೆ ಗೋಡೆಯ ಬಿರುಕು ಪೂರ್ತಿ ಬಾಯಿ ಬಿಟ್ಟಿರುತ್ತದೆ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೇರಿದ್ದಕ್ಕೆ ರೂಪಾಯಿ ನಾಣ್ಯದ ಅಂಚು ಹಿಡಿದು ನೋಡಿದೆ. ಅಂಚು ಒಳಗೆ ಇಳಿದರೆ, ಅದೇ ಬಿರುಕು ಗೋಡೆಯ ಹೊರಗಡೆಯೂ ಇದ್ದರೆ, ಕೂತಿರುವುದು ಪಾಯ. ಅಂಥ ಮನೆಗೆ ಎಷ್ಟು ಬೆಲೆ ಇಳಿಸಿದರೂ ಬೇಡ. ಮಾಲೀಕರಿಗೆ ಕೇಳುತ್ತಿದ್ದುದು ಎರಡೇ ಮಾತು: ಎರೆ ತೆಗೆದು ಗರಸು (ಗಟ್ಟಿ ಜಲ್ಲಿ ಮಣ್ಣು) ಸಿಗುವ ತನಕ ಅಗೆಸಿದ್ದಿರೇನು? ಪ್ಲಿಂತ್ ಬೀಮ್ (ಪಾಯದ ಮೇಲೆ, ಗೋಡೆಯ ಕೆಳಗೆ ಹಾಕುವ ಕಾಂಕ್ರೀಟ್ ತೊಲೆ) ಹಾಕಿಸಿದ್ದಿರೇನು? ಕಟ್ಟಿಸುವಾಗ ತೆಗೆದ ಫೋಟೊ ಇದ್ದರೆ ಅದನ್ನೂ ಕೇಳಿ. ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಬೀರುವಿನ ಹಿಂದೆ, ಮೆಟ್ಟಿಲ ಕೆಳಗೆ ನೋಡಿ. ಅಲ್ಲಿಯವರೆಗೆ ಬಣ್ಣದವರು ಹೋಗಿರುವುದಿಲ್ಲ.

ಪ್ರತಿ ಮನೆಯನ್ನೂ ಎರಡು ಸಲ ನೋಡಿದೆ, ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಹಗಲೆಲ್ಲ ಕಾದ ಆರ್‌ಸಿಸಿ ಸ್ಲ್ಯಾಬು ರಾತ್ರಿ ಕಾವು ಬಿಡುತ್ತದೆ. ಒಂಬತ್ತಕ್ಕೂ ಪಡುವಣ ಗೋಡೆಗೆ ಅಂಗೈ ಇಟ್ಟಾಗ ಕಾವು ತಟ್ಟಿದರೆ ಆ ಕೋಣೆಯಲ್ಲಿ ಮಲಗುವುದು ಕಷ್ಟ. ರಾತ್ರಿ ಫ್ಯಾನು, ಮೋಟಾರು ಹಾಕಿಸಿ ನೋಡಿದರೆ ವೋಲ್ಟೇಜ್ ಇಳಿಯುವುದೂ ಗೊತ್ತಾಗುತ್ತದೆ.

ನೀರಿನ ಬಗ್ಗೆ ಬ್ರೋಕರ್ ಮಾತು ನಂಬಬೇಡಿ. ಪಕ್ಕದ ಮನೆಯವರನ್ನೇ ಕೇಳಿ: "ಅಕ್ಕಾ, ನಳ ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರೀ?" ತುಂಗಭದ್ರಾ ಕಾಲುವೆಗೆ ನೀರು ನಿಂತ ಮೇಲೆ ಊರಿಗೆ ಬಿಡುವ ದಿನಗಳ ಅಂತರ ಹೆಚ್ಚುತ್ತದೆ. ಅಷ್ಟು ದಿನಕ್ಕೆ ಸಂಪು ಸಾಲಬೇಕು. ನಾನು ಟೇಪು ಹಿಡಿದು ಅಳೆದೆ: 6 ಅಡಿ ಉದ್ದ, 5 ಅಗಲ, 5 ಆಳ ಇದ್ದರೆ 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 4,250 ಲೀಟರ್. ತಲೆಗೆ ದಿನಕ್ಕೆ 135 ಲೀಟರ್‌ನಂತೆ ಐದು ಜನರ ಮನೆಗೆ ಆರು ದಿನ. ನಳ ಹತ್ತು ದಿನಕ್ಕೊಮ್ಮೆ ಬರುವ ಓಣಿಯಾದರೆ ಉಳಿದ ನಾಲ್ಕು ದಿನ ಟ್ಯಾಂಕರ್ ಖರ್ಚು. ಬೋರ್ ಇದ್ದರೆ ಹದಿನೈದು ನಿಮಿಷ ಓಡಿಸಿ, ಆಮೇಲೂ ಧಾರೆ ಹಾಗೇ ಇದೆಯೇ ನೋಡಿ. ಒಂದು ಬಾಟಲಿ ನೀರು ಫ್ಲೋರೈಡ್ ಪರೀಕ್ಷೆಗೆ ಕೊಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಇನ್ನು ಸೋರಿಕೆ. ತಾರಸಿ ಹತ್ತಿದರೆ ಹೋದ ಮಳೆಗಾಲದಲ್ಲಿ ನೀರು ನಿಂತ ಜಾಗ ಧೂಳಿನ ಉಂಗುರವಾಗಿ ಕಾಣುತ್ತದೆ. ಅಲ್ಲಿ ನಾಲ್ಕು ಕೊಡ ನೀರು ಸುರಿಸಿದೆ. ಪೈಪಿನತ್ತ ಹರಿಯದೆ ನಿಂತರೆ ಇಳಿಜಾರು ಸರಿಯಿಲ್ಲ. ಒಳಗೆ ಒಂದೇ ಕೋಣೆಯ ಚಾವಣಿಗೆ ಹೊಸ ಬಣ್ಣ ಬಳಿದಿದ್ದರೂ, ಗೋಡೆ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೂ ಅನುಮಾನ ಪಡಿ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ಅದು ಮನೆ ಮಟ್ಟಕ್ಕೇ ಏರಿರುವ ಓಣಿಗಳಿವೆ. ಹೊಸ್ತಿಲು ರಸ್ತೆಗಿಂತ ಒಂದೂವರೆ ಅಡಿಯಾದರೂ ಎತ್ತರ ಇರಲಿ.

ಕಾಗದದಲ್ಲಿ ನಾನು ಮೊದಲು ಕೇಳಿದ್ದು ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಎಂಬ ಡಿಜಿಟಲ್ ದಾಖಲೆ) ಮತ್ತು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದ ಇಸಿ (ಆಸ್ತಿಯ ಮೇಲಿನ ಋಣಭಾರ ಪತ್ರ). ಊರಾಚೆಯ ಪಂಚಾಯಿತಿ ಜಾಗವಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಬೇಕು. 11ಬಿ ಮುಂದಿಟ್ಟು "ಎಲ್ಲಾ ಒಂದೇ ರೀ" ಅಂದರೆ ಒಪ್ಪಬೇಡಿ, ಎರಡೂ ಒಂದೇ ಅಲ್ಲ. 45 ಲಕ್ಷ ದಾಟಿದ ಮನೆಗೆ ನಗರದಲ್ಲಿ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6; ಇದರ ಮೇಲೆ ನೋಂದಣಿ ಶುಲ್ಕ, 2025ರ ಆಗಸ್ಟ್ 31ರಿಂದ, ಶೇ. 2. ಅಂದರೆ 50 ಲಕ್ಷದ ಮನೆಗೆ 3.80 ಲಕ್ಷ ಬೇರೆಯೇ ತೆಗೆದಿಡಬೇಕು.

ಬಸವ ಜಯಂತಿ, ಅಕ್ಷಯ ತೃತೀಯ ಬಂತೆಂದರೆ "ಇವತ್ತೇ ಅಡ್ವಾನ್ಸ್ ಕೊಟ್ಟುಬಿಡ್ರೀ, ಒಳ್ಳೇ ದಿನ" ಎನ್ನುತ್ತಾರೆ. ಅವತ್ತು ಕಚೇರಿಗೆ ರಜೆ, ಕಾಗದ ನೋಡಿಸಲು ಆಗುವುದಿಲ್ಲ. ದಿನ ಒಳ್ಳೆಯದೆಂದು ನಾನು ಕೊಟ್ಟಿದ್ದು ಎಲೆ ಅಡಿಕೆಯ ಮೇಲೆ 1,001 ರೂಪಾಯಿ ಮಾತ್ರ. ಉಳಿದ ಅಡ್ವಾನ್ಸ್ ವಕೀಲರು ಕಾಗದ ನೋಡಿದ ಮೇಲೆ, ದಾಖಲೆ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂದು ಕರಾರಿನಲ್ಲಿ ಬರೆಸಿ, ಚೆಕ್ಕಿನಲ್ಲೇ ಕೊಟ್ಟೆ.