ಮಂಡಿ ನೋವಿದ್ದಾಗ ತೂಕ ಇಳಿಸುವ ಲೆಕ್ಕ

ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ವರ್ಷಗಟ್ಟಲೆ ಮುಂಬಯಿಯ ಲೋಕಲ್ ರೈಲು ಹಿಡಿದವರಿಗೆ ಡಾಕ್ಟರು ‘ಮಂಡಿ ಸವೆದಿದೆ’ ಎನ್ನುವ ಹೊತ್ತಿಗೆ ತೂಕವೂ ಏರಿರುತ್ತದೆ. ತೂಕ ಇಳಿಸಿ ಎನ್ನುತ್ತಾರೆ, ನಡೆದರೆ ಮಂಡಿ ಊದುತ್ತದೆ. ಮೊದಲು ನೋವು ಹೋಗಲಿ, ಆಮೇಲೆ ನಡೆದು ಇಳಿಸೋಣ ಎಂದು ಕಾಯುವವರೇ ಹೆಚ್ಚು. ಹಾಗೆ ಕಾಯಬೇಕಾಗಿಲ್ಲ. 70 ಕೆಜಿ ತೂಕದವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ. ಸ್ಟೇಷನ್ ಹೊರಗಿನ ಒಂದು ವಡಾಪಾವ್‌ನಲ್ಲಿ ಸುಮಾರು 300 ಇರುತ್ತದೆ. ತೂಕ ಇಳಿಯುವುದು ಬಹುಪಾಲು ತಟ್ಟೆಯಿಂದಲೇ. ಇಳಿಯುವುದು ಕೊಬ್ಬಾಗಿರಲಿ, ಸ್ನಾಯು ಆಗದಿರಲಿ ಎಂದು ನೋಡಿಕೊಳ್ಳುವುದಷ್ಟೇ ವ್ಯಾಯಾಮದ ಕೆಲಸ. ಅದನ್ನು ಕುರ್ಚಿಯಲ್ಲಿ ಕೂತೇ ಮಾಡಬಹುದು.

ಇಳಿಸಿದ್ದಕ್ಕೆ ಮಂಡಿಯಲ್ಲಿ ಸಿಗುವ ಲಾಭ ದೊಡ್ಡದು. ದೇಹದ ತೂಕ ಒಂದು ಕೆಜಿ ಕಡಿಮೆಯಾದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ತಗ್ಗುತ್ತದೆ.

ಮೊದಲು ಮಾತ್ರೆಗಳ ಡಬ್ಬಿ ತೆರೆಯಿರಿ

ಊಟ ಕಡಿಮೆ ಮಾಡುವ ಮುನ್ನ ಡಾಕ್ಟರ ಹತ್ತಿರ ಮಾತ್ರೆಗಳ ಬಗ್ಗೆ ಮಾತಾಡಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಅದೇ ಡೋಸ್ ಇಟ್ಟುಕೊಂಡು ಅನ್ನ ಅರ್ಧ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಗುರುತು. ಹಾಗಾದರೆ ತಕ್ಷಣ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಪೂರ್ತಿ ಉಪವಾಸಕ್ಕಾಗಲಿ, ಅನ್ನ ರೊಟ್ಟಿ ಎಲ್ಲ ಬಿಡುವ ಡಯಟ್‌ಗಾಗಲಿ ತಾವಾಗಿ ಕೈಹಾಕಬಾರದು. ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರುವ ಅಪಾಯವಿದೆ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ, ಎದ್ದು ನಿಂತಾಗ ತಲೆ ತಿರುಗಿದರೆ ಬಿಪಿ ಮಾತ್ರೆಯ ಡೋಸ್ ಕೇಳಿ. ಕಿಡ್ನಿ ತೊಂದರೆ ಇದ್ದವರು ಕೆಳಗಿನ ಪ್ರೋಟೀನ್ ಲೆಕ್ಕವನ್ನು ಡಾಕ್ಟರ ಒಪ್ಪಿಗೆ ಇಲ್ಲದೆ ಹಿಡಿಯಬೇಡಿ.

ಹೃದಯದ ತೊಂದರೆಯಿಂದ ಕಾಲು ಊದುವವರಿಗೆ ಇನ್ನೊಂದು ಮಾತು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ತಿಂದದ್ದಲ್ಲ, ನೀರು. ಊಟ ಬಿಡುವುದಲ್ಲ, ಡಾಕ್ಟರಿಗೆ ಫೋನ್ ಮಾಡುವುದು. ಹಲವು ನೋವಿನ ಮಾತ್ರೆಗಳೂ ಮೈಯಲ್ಲಿ ನೀರು ಹಿಡಿಸುತ್ತವೆ. ಸ್ಟೆರಾಯ್ಡ್ ಮಾತ್ರೆಗಳು ಹಸಿವನ್ನೇ ಏರಿಸುತ್ತವೆ. ಇನ್ನು ಥೈರಾಯ್ಡ್ ಮೇಲೆ ಎಲ್ಲ ಭಾರ ಹೊರಿಸುವುದು ರೂಢಿಯಾಗಿಬಿಟ್ಟಿದೆ. ಥೈರಾಯ್ಡ್ ಕಡಿಮೆಯಾದದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಚಹಾಕ್ಕಿಂತ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಕೊಟ್ಟರೆ ಅದರ ಪಾಲಿನ ಕೆಲಸ ಅದು ಮಾಡುತ್ತದೆ.

ಎಷ್ಟು ಕಡಿಮೆ ಮಾಡಬೇಕು

55 ವರ್ಷದ, 155 ಸೆಂ.ಮೀ. ಎತ್ತರದ, 75 ಕೆಜಿ ತೂಕದ, ಹೆಚ್ಚು ನಡೆದಾಡದ ಹೆಂಗಸನ್ನು ತೆಗೆದುಕೊಳ್ಳಿ. ಅವರ ದೇಹಕ್ಕೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ 1,540 ಕ್ಯಾಲೊರಿ. ಎಲ್ಲರೂ ಹೇಳುವ ‘ದಿನಕ್ಕೆ 500 ಕಡಿತ’ ಇಲ್ಲಿ ಹೊಂದುವುದಿಲ್ಲ, 1,040ಕ್ಕೆ ಇಳಿದರೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಯಾವುದೂ ಸಾಲುವುದಿಲ್ಲ. ಡಾಕ್ಟರ ನಿಗಾ ಇಲ್ಲದೆ 1,200ಕ್ಕಿಂತ ಕೆಳಗೆ ಹೋಗಬಾರದು. ಹಾಗಾಗಿ ಕಡಿತ 300. ಒಂದು ಕೆಜಿ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ತಿಂಗಳಿಗೆ 9,000 ಉಳಿಸಿದರೆ ಒಂದು ಕೆಜಿಗೆ ಸ್ವಲ್ಪ ಮೇಲೆ ಇಳಿಯುತ್ತದೆ. ತಿಂಗಳಿಗೆ ಐದು ಕೆಜಿ ಎಂಬ ಜಾಹೀರಾತು ಓದಿದವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಓಡಾಟ ಕಡಿಮೆ ಇರುವ ದೇಹಕ್ಕೆ ಇದೇ ನಿಜವಾದ ವೇಗ, ವರ್ಷ ಪೂರ್ತಿ ಕೂಡಿದರೆ ಅದು ಸಣ್ಣದೇನಲ್ಲ. ಮೊದಲ ಗುರಿ ತೂಕದ ಶೇ. 5, ಅಂದರೆ ಇವರಿಗೆ ಸುಮಾರು ನಾಲ್ಕು ಕೆಜಿ.

ಈ 300ನ್ನು ಅನ್ನದ ತಪ್ಪಲೆಯಲ್ಲಿ ಹುಡುಕುವ ಮುನ್ನ ಚಹಾ ಮತ್ತು ಎಣ್ಣೆಯಲ್ಲಿ ಹುಡುಕಿ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಚಹಾದಲ್ಲಿ ಸಕ್ಕರೆಯೊಂದೇ 40 ಗ್ರಾಂ, 160 ಕ್ಯಾಲೊರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಮೂರು ವಾರದಲ್ಲಿ ಅರ್ಧ ಚಮಚಕ್ಕೆ ಬಂದರೆ ದಿನಕ್ಕೆ 120 ಉಳಿಯಿತು. ಒಮ್ಮೆಲೇ ನಿಲ್ಲಿಸಿದವರು ನಾಲ್ಕನೇ ದಿನ ಚಹಾದ ಜೊತೆ ಖಾರಿ ಬಿಸ್ಕತ್ತು ಹಿಡಿದಿರುತ್ತಾರೆ.

ಎಣ್ಣೆಯನ್ನು ಬಾಟಲಿಯಿಂದ ಬಾಣಲೆಗೆ ಸುರಿಯುವ ಅಭ್ಯಾಸ ಇರುವವರೆಗೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಒಂದು ಚಹಾ ಚಮಚ ಎಣ್ಣೆಯಲ್ಲಿ 40 ಕ್ಯಾಲೊರಿ, ದೊಡ್ಡ ಚಮಚದಲ್ಲಿ 120. ತಲೆಗೆ ದಿನಕ್ಕೆ ನಾಲ್ಕು ಚಹಾ ಚಮಚ ಸಾಕು. ಬೇರೆ ಅಡುಗೆ ಮಾಡಿಕೊಳ್ಳಲು ಮುಂಬಯಿಯ ಅಡುಗೆಮನೆಯಲ್ಲಿ ಜಾಗವೂ ಇಲ್ಲ, ಹೊತ್ತೂ ಇಲ್ಲ, ಆದ್ದರಿಂದ ಲೆಕ್ಕ ಇಡೀ ಮನೆಯದೇ ಆಗಲಿ. ನಾಲ್ಕು ಜನರ ಮನೆಗೆ ಎಣ್ಣೆ, ತುಪ್ಪ, ಬೆಣ್ಣೆ ಸೇರಿ ತಿಂಗಳಿಗೆ ಎರಡೂವರೆ ಲೀಟರ್. ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ಐದು ಲೀಟರ್ ಕ್ಯಾನ್ ಇದ್ದರೆ ತೂಕ ಏಕೆ ಇಳಿಯುತ್ತಿಲ್ಲ ಎಂಬುದಕ್ಕೆ ರಕ್ತಪರೀಕ್ಷೆ ಬೇಕಿಲ್ಲ.

ಕರಾವಳಿಯವರಿಗೆ ಎಣ್ಣೆಗಿಂತ ದೊಡ್ಡ ಲೆಕ್ಕ ತೆಂಗಿನಕಾಯಿಯದು. 100 ಗ್ರಾಂ ಹಸಿ ತುರಿಯಲ್ಲಿ 350 ಕ್ಯಾಲೊರಿ, ಅದರಲ್ಲಿ 33 ಗ್ರಾಂ ಕೊಬ್ಬು. ಮಧ್ಯಾಹ್ನ ಗಸಿ, ಪಕ್ಕದಲ್ಲಿ ಕಾಯಿ ಹಾಕಿದ ಪಲ್ಯ, ರಾತ್ರಿ ಮತ್ತೆ ಹುಳಿಗೆ ಮಸಾಲೆ ಎಂದರೆ ಒಬ್ಬರ ಪಾಲಿಗೆ 70–80 ಗ್ರಾಂ ಸಲೀಸಾಗಿ ಬರುತ್ತದೆ. ಕಾಯಿ ಬಿಟ್ಟುಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ದಿನಕ್ಕೆ ಕಾಯಿ ಅರೆದದ್ದು ಒಂದೇ ಪದಾರ್ಥ, ತಲೆಗೆ 25 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ. ಮಸಾಲೆ ತೆಳ್ಳಗಾಯಿತು ಎನಿಸಿದರೆ ಬೇಯಿಸಿದ ತೊಗರಿಬೇಳೆ ಎರಡು ಚಮಚ ಸೇರಿಸಿ ಅರೆಯಿರಿ, ದಪ್ಪವೂ ಬರುತ್ತದೆ. ಬಂಗುಡೆಯನ್ನು ರವೆ ಹಚ್ಚಿ ಹುರಿಯುವ ಬದಲು ಕಾಯಿ ಇಲ್ಲದ ಹುಳಿಖಾರದ ಪುಳಿಮುಂಚಿ ಮಾಡಿದರೆ ಕಾಯಿಯೂ ಉಳಿಯಿತು, ಎಣ್ಣೆಯೂ ಉಳಿಯಿತು.

ಅನ್ನ ಬಿಡಬೇಡಿ, ಅಳೆಯಿರಿ. ಬೇಯಿಸಿದ ಅನ್ನ 150 ಗ್ರಾಂ, ಅಂದರೆ ಒಂದು ವಾಟಿ, ಸುಮಾರು 200 ಕ್ಯಾಲೊರಿ. ಕುಚ್ಚಲಕ್ಕಿಗೂ ಬೆಳ್ತಿಗೆಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಮೊದಲ ಎರಡು ವಾರ ತೂಗಿದರೆ ಸಾಕು, ಆಮೇಲೆ ಕಣ್ಣಿಗೇ ಅಳತೆ ಬರುತ್ತದೆ. ಅನ್ನ ಪೂರ್ತಿ ಬಿಟ್ಟವರು ಸಾಮಾನ್ಯವಾಗಿ ಮೂರು ವಾರ ತಾಳುತ್ತಾರೆ, ಆಮೇಲೆ ಮಾಟುಂಗದ ಬೋರ್ಡಿಂಗಿನಲ್ಲಿ ಬಾಳೆಲೆಯ ಮುಂದೆ ಕೂತು ಬಾಕಿ ತೀರಿಸುತ್ತಾರೆ.

ಬೇಳೆ ನೀರು ಬೇಳೆಯಲ್ಲ

ಊಟ ಕಡಿಮೆಯಾದಾಗ ದೇಹ ಸ್ನಾಯುವನ್ನೂ ಸುಡುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯು ಕರಗಿದರೆ ತೂಕ ಇಳಿದರೂ ನೋವು ಏರುತ್ತದೆ. ಅದಕ್ಕೆ ದಿನಕ್ಕೆ 60–70 ಗ್ರಾಂ ಪ್ರೋಟೀನ್ ಬೇಕು. ತಿಳಿಸಾರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸಸ್ಯಾಹಾರದಲ್ಲಿ ಹೀಗೆ ಕೂಡಿಸಬಹುದು: ಬೆಳಗ್ಗೆ 40 ಗ್ರಾಂ ಹೆಸರುಕಾಳಿನ ದೋಸೆ (10 ಗ್ರಾಂ), ಮಧ್ಯಾಹ್ನ ಒಣ ಅಳತೆಯಲ್ಲಿ 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ (9), ಒಂದು ವಾಟಿ ಅನ್ನ (4), 150 ಗ್ರಾಂ ಮೊಸರು (5), ಸಂಜೆ 30 ಗ್ರಾಂ ಹುರಿಗಡಲೆ (6), ರಾತ್ರಿ ಎರಡು ಚಪಾತಿ (7), 30 ಗ್ರಾಂ ಸೋಯಾ ತುಂಡಿನ ಪಲ್ಯ (15), ದಿನದ ಹಾಲು 200 ಮಿ.ಲೀ. (6). ಒಟ್ಟು 62. ಮೀನು ತಿನ್ನುವವರ ದಾರಿ ಸುಲಭ, 100 ಗ್ರಾಂ ಬಂಗುಡೆಯಲ್ಲೇ 19–20 ಗ್ರಾಂ ಇದೆ. ಒಂದು ಮೊಟ್ಟೆಯಲ್ಲಿ 6.

ಸಂಜೆಯ ಹುರಿಗಡಲೆಯನ್ನು ಮನೆಗೆ ಬಂದು ತಿನ್ನುವುದಲ್ಲ, ಆಫೀಸು ಬಿಡುವ ಮುನ್ನ ತಿನ್ನಬೇಕು. ದಾದರ್ ಸೇತುವೆ ಇಳಿಯುವಾಗ ಹೊಟ್ಟೆ ಖಾಲಿ ಇದ್ದರೆ ಆ ದಿನದ 300 ಅಲ್ಲೇ ವಡಾಪಾವ್ ಆಗಿ ಹೋಗುತ್ತದೆ.

ಸಂಕಷ್ಟಿಯ ಉಪವಾಸ ತೂಕ ಇಳಿಸುತ್ತದೆಂಬ ನಂಬಿಕೆ ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮವರಿಗೂ ಅಂಟಿಕೊಂಡಿದೆ. ಸಾಬೂದಾಣಿ ಖಿಚಡಿಯ ಲೆಕ್ಕ ನೋಡಿ: 60 ಗ್ರಾಂ ಸಾಬೂದಾಣಿ 210, 20 ಗ್ರಾಂ ಶೇಂಗಾ 113, ಎರಡು ಚಮಚ ತುಪ್ಪ 80. ಒಂದು ತಟ್ಟೆಗೆ 400 ದಾಟಿತು, ಪ್ರೋಟೀನ್ ಬಂದದ್ದು ಶೇಂಗಾದಿಂದ ಮಾತ್ರ. ವ್ರತ ಬಿಡಲಾಗದವರು ಹಣ್ಣು, ಮೊಸರು, ಹಾಲಿನಲ್ಲಿ ಮುಗಿಸಲಿ.

ಕುರ್ಚಿಯ ವ್ಯಾಯಾಮ

ಕುರ್ಚಿಗೆ ಚಕ್ರ ಇರಬಾರದು, ಆಸನ ಸುಮಾರು 45 ಸೆಂ.ಮೀ. ಎತ್ತರ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಅದರ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಮಳೆಗಾಲದಲ್ಲಿ ನೆಲ ಒರೆಸಿಕೊಂಡೇ ಶುರುಮಾಡಿ.

1. ಕಾಲು ಚಾಚಿ ಹಾಸಿಗೆಯ ಮೇಲೆ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ. ಐದು ಎಣಿಸಿ ಬಿಡಿ. ಒಂದೊಂದು ಕಾಲಿಗೆ 10 ಸಲ. ನೋವು ಎಷ್ಟಿದ್ದರೂ ಇದು ಬಹುತೇಕ ಎಲ್ಲರಿಗೂ ಆಗುತ್ತದೆ.
2. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ, ನಿಧಾನಕ್ಕೆ ಇಳಿಸಿ. 10 ಸಲ. ಧಡಕ್ಕನೆ ಬಿಟ್ಟರೆ ಅರ್ಧ ಲಾಭ ಹೋಯಿತು.
3. ಕೂತು ಏಳುವುದು. ಆಸನದ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರಿಸಿ, ಕೈ ಊರಿ ಐದು ಸಲದಿಂದ ಶುರುಮಾಡಿ. ಎರಡು ವಾರಕ್ಕೊಮ್ಮೆ ಎರಡು ಸಲ ಹೆಚ್ಚಿಸಿ, ಆಮೇಲೆ ದಿಂಬು ತೆಗೆಯಿರಿ, ಕೊನೆಗೆ ಕೈ ಬಿಡಿ.
4. ಅರ್ಧ ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು, ಕೂತೇ ಮುಂದಕ್ಕೆ ಗುದ್ದುವುದು. ಒಂದು ನಿಮಿಷ ಗುದ್ದು, ಒಂದು ನಿಮಿಷ ವಿಶ್ರಾಂತಿ, ಐದು ಸುತ್ತು. ಉಸಿರು ಏರುವುದು ಇದರಲ್ಲೇ.

ಮೊದಲ ಮೂರನ್ನು ವಾರಕ್ಕೆ ಮೂರು ದಿನ, ನಾಲ್ಕನೆಯದನ್ನು ದಿನಾ. ಯಾವುದರಲ್ಲೂ ಉಸಿರು ಕಟ್ಟಬೇಡಿ, ಬಲ ಹಾಕುವಾಗ ಬಾಯಿಂದ ಉಸಿರು ಬಿಡಿ, ಇಲ್ಲವಾದರೆ ಬಿಪಿ ಜಿಗಿಯುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಶ್ರಮ ಸರಿ. ಮೆಟೊಪ್ರೊಲಾಲ್‌ನಂಥ ಮಾತ್ರೆ ನಾಡಿಯನ್ನು ತಡೆಹಿಡಿಯುವುದರಿಂದ ಅದನ್ನು ನುಂಗುವವರು ಕೈಗಡಿಯಾರದ ಎದೆಬಡಿತವನ್ನು ನಂಬಿ ಶ್ರಮ ಅಳೆಯಬಾರದು.

ನೋವಿನ ಮಿತಿ ಹೀಗೆ: ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ವ್ಯಾಯಾಮ ಮಾಡುವಾಗ ಇರಬಹುದು, ಮಾರನೆಯ ದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆಯನ್ನು ಅರ್ಧಕ್ಕೆ ತನ್ನಿ, ನಿಲ್ಲಿಸಬೇಡಿ. ಎದೆ ಬಿಗಿತ, ತಲೆಸುತ್ತು, ಒಂದೇ ಮೀನಖಂಡದಲ್ಲಿ ಊತ, ಮಂಡಿ ಕೆಂಪಾಗಿ ಬಿಸಿಯಾಗುವುದು ಇವಕ್ಕೆ ಮಾತ್ರ ಪೂರ್ತಿ ನಿಲುಗಡೆ, ಆ ದಿನವೇ ಡಾಕ್ಟರು.

ರೈಲ್ವೆ ಸೇತುವೆಯ ಮೆಟ್ಟಿಲು ಏರುವುದಕ್ಕಿಂತ ಇಳಿಯುವುದು ಮಂಡಿಗೆ ಹೆಚ್ಚು ಪೆಟ್ಟು. ಒಂದಕ್ಕೇ ಎಸ್ಕಲೇಟರ್ ಸಿಗುವುದಾದರೆ ಇಳಿಯಲು ಬಳಸಿ. ಹತ್ತುವಾಗ ಮೊದಲು ಒಳ್ಳೆಯ ಕಾಲು, ಇಳಿಯುವಾಗ ಮೊದಲು ನೋಯುವ ಕಾಲು. ಕೋಲು ನೋಯುವ ಮಂಡಿಗೆ ವಿರುದ್ಧ ಬದಿಯ ಕೈಯಲ್ಲಿರಬೇಕು.

ಈಜು ಬಾರದವರಿಗೂ ಕೊಳ ಉಪಯೋಗವೇ. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಹತ್ತಿರತ್ತಿರ ಅರ್ಧ ತೂಕ. ಆ ನೀರಿನಲ್ಲಿ 15 ನಿಮಿಷ ಅಡ್ಡಾಡಿದರೆ ಸಾಕು. ದಾದರ್ ಶಿವಾಜಿ ಪಾರ್ಕ್ ಬಳಿಯ ಪಾಲಿಕೆಯ ಮಹಾತ್ಮಾ ಗಾಂಧಿ ಈಜುಕೊಳದಂಥ ಕಡೆ ಸೇರುವ ಮುನ್ನ ನೀರಿಗಿಳಿಯಲು ಹಿಡಿಕೆ ಇರುವ ಮೆಟ್ಟಿಲಿದೆಯೇ, ಸೊಂಟದ ಮಟ್ಟದ ಆಳ ಎಲ್ಲಿದೆ ಎಂದು ಹೋಗಿ ನೋಡಿ.

ತೂಗುವುದು, ತೂಕ ನಿಂತುಹೋದಾಗ ನೋಡುವುದು

ಬೆಳಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು, ವಾರಕ್ಕೆ ಮೂರು ದಿನ ತೂಗಿ ಸರಾಸರಿ ಬರೆಯಿರಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ತಿಂದಿದ್ದರೆ ಮುಳ್ಳು ಒಂದು ಕೆಜಿ ಹೆಚ್ಚು ತೋರಿಸಬಹುದು, ಅದು ನೀರು. ಹದಿನೈದು ದಿನಕ್ಕೊಮ್ಮೆ ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಹಿಡಿಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗೆ ಬರಬೇಕು. ತೂಕ ನಿಂತಿದ್ದು ಸೊಂಟ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ.

ನಾಲ್ಕು ವಾರ ಎರಡೂ ಅಲ್ಲಾಡದಿದ್ದರೆ ಈ ಕ್ರಮದಲ್ಲಿ ನೋಡಿ: ಎಣ್ಣೆಯ ತಿಂಗಳ ಬಿಲ್ಲು, ಟಿವಿ ಮುಂದಿನ ಫರ್ಸಾಣ್ (ಈ ಕರಿದ ಕುರುಕಲು 20 ಗ್ರಾಂಗೇ 100 ಕ್ಯಾಲೊರಿ), ಶನಿವಾರ ಭಾನುವಾರದ ಊಟ, ಏಕೆಂದರೆ ಐದು ದಿನದ 1,500ನ್ನು ಎರಡು ಮದುವೆ ಊಟ ನುಂಗಿಹಾಕುತ್ತವೆ, ಹೊಸದಾಗಿ ಶುರುವಾದ ಮಾತ್ರೆ, ಮಧ್ಯಾಹ್ನ ಎದ್ದು ಓಡಾಡದೆ ಕೂತ ಗಂಟೆಗಳು. ಇವೆಲ್ಲ ಸರಿ ಇದ್ದರೆ ಮಾತ್ರ ಅನ್ನದಲ್ಲಿ ಕಾಲು ವಾಟಿ ತೆಗೆಯಿರಿ.