ಮುಶಿಯ ಬಸಿರಿನ ಲೆಕ್ಕ

ಮುಂಬೈಯ ದಕ್ಕೆಯಲ್ಲಿ ಸುರಿದ ಮುಶಿ, ಅಂದರೆ ಶಾರ್ಕ್ ಮೀನಿನ ರಾಶಿಯಲ್ಲಿ ಯಾವುದು ಬಸುರಿ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ದಪ್ಪ ಹೊಟ್ಟೆಯವನ್ನು ಆರಿಸಿ ತಂದು ಕೊಯ್ದರೆ ಎಷ್ಟೋ ಸಲ ಒಳಗಿರುವುದು ತಿಂದ ಜವಳಾ ಸಿಗಡಿ, ಇಲ್ಲವೇ ಬರೀ ಲಿವರ್. ಆರಿಸಿ ತಂದ ಮೀನಿನಿಂದ ಲೆಕ್ಕವೂ ಕೆಡುತ್ತದೆ. ಶೇಕಡಾ ಎಷ್ಟು ಹೆಣ್ಣುಗಳು ಬಸುರಿ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಬುಟ್ಟಿಯನ್ನು ಬುಟ್ಟಿಯಾಗಿಯೇ ಕೊಳ್ಳಬೇಕು. ಸಣ್ಣದು, ದೊಡ್ಡದು, ಗಂಡು, ಹೆಣ್ಣು ಎಲ್ಲ ಬರಲಿ. ವರ್ಸೋವಾದಲ್ಲಿ ಮೀನು ಮಾರುವ ಕೋಳಿ ಸಮುದಾಯದ ಮಾವಶಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಒಳ್ಳೆಯದನ್ನು ಆರಿಸಿಕೊಳ್ಳದ ಗಿರಾಕಿಯನ್ನು ಅವರು ಎಲ್ಲೂ ಕಂಡಿರಲಿಲ್ಲ.

ಶಾರ್ಕಿಗೆ ನಮ್ಮ ಕುಂದಾಪುರದ ಕರಾವಳಿಯಲ್ಲಿ ತಾಟೆ, ಕಾರವಾರ ಗೋವಾ ಕಡೆ ಮೋರಿ, ಇಲ್ಲಿ ಮುಶಿ. ನಾನು ಕೆಲಸ ಮಾಡಿದ್ದು ಅದರಲ್ಲೇ ಚಿಕ್ಕ ಜಾತಿಯ ಮೇಲೆ: ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ಪ್ರಾಣಿಶಾಸ್ತ್ರ ಓದಿದವರಿಗೆ ಈ ಹೆಸರು ಕೇಳಿದ ಕೂಡಲೇ ಫಾರ್ಮಾಲಿನ್ ವಾಸನೆ ಮೂಗಿಗೆ ಬಂದೀತು. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಕೊಯ್ದದ್ದು ಇದನ್ನೇ. ಪರೀಕ್ಷೆಗೆ ಬೇಕಾಗಿದ್ದದ್ದು ಕಪಾಲ ನರಗಳು ಮತ್ತು ಕಿವಿರಿನ ರಕ್ತನಾಳಗಳು. ಆದ್ದರಿಂದ ಕತ್ತರಿ ತಲೆಯಲ್ಲೇ ಓಡಾಡುತ್ತಿತ್ತು, ಹೊಟ್ಟೆಯ ಕೆಳಗಿನ ಅರ್ಧ ಹಾಗೇ ಬಕೆಟ್ಟಿಗೆ ಹೋಗುತ್ತಿತ್ತು. ಈ ಪ್ರಾಣಿಯ ನಿಜವಾದ ಸೋಜಿಗ ಇದ್ದದ್ದು ಆ ಬಿಸಾಡಿದ ಅರ್ಧದಲ್ಲಿ.

ಮೊದಲು ಜಾತಿ ಖಚಿತ ಮಾಡಿಕೊಳ್ಳಬೇಕು. ಅದೇ ರಾಶಿಯಲ್ಲಿ ಹಾಲು ಶಾರ್ಕ್ ಎನ್ನುವ ರೈಜೋಪ್ರಿಯೋನೊಡಾನ್ ಮರಿಗಳೂ ಬಂದಿರುತ್ತವೆ. ಅದು ದೊಡ್ಡದಾಗಿ ಬೆಳೆಯುವ ಜಾತಿ, ಪ್ರಾಯಕ್ಕೆ ಬರುವ ಅಳತೆಯೂ ಬೇರೆ. ಎರಡನ್ನೂ ಒಂದೇ ಹಾಳೆಗೆ ಸೇರಿಸಿದರೆ ಮುಶಿ ಎಷ್ಟು ಉದ್ದಕ್ಕೆ ಪ್ರಾಯಕ್ಕೆ ಬರುತ್ತದೆ ಎಂಬ ಲೆಕ್ಕವೇ ಎಕ್ಕುಟ್ಟಿ ಹೋಗುತ್ತದೆ. ನಾನು ನೋಡುತ್ತಿದ್ದದ್ದು ಎರಡು ಗುರುತು. ಮುಶಿಯ ಮೂತಿ ಬದಿಯಿಂದ ನೋಡಿದರೆ ತೀರಾ ಚಪ್ಪಟೆ, ಮೇಲಿನಿಂದ ನೋಡಿದರೆ ಅಗಲ. ಬೆನ್ನಿನ ಮೊದಲ ರೆಕ್ಕೆ ಎದೆಯ ರೆಕ್ಕೆಯಿಂದ ದೂರ ಸರಿದು, ಹೊಟ್ಟೆಯಡಿಯ ಜೋಡಿ ರೆಕ್ಕೆಯ ನೇರಕ್ಕೆ ಹಿಂದೆ ಇರುತ್ತದೆ. ನೂರಾರು ಮೀನು ಕೈಯಲ್ಲಿ ಹಾದುಹೋದ ಮೇಲೆ ಅಳತೆಪಟ್ಟಿಯೂ ಬೇಡ, ಬೆರಳೇ ಹೇಳುತ್ತದೆ.

ಗಂಡಿನ ಕೆಲಸ ಬೇಗ ಮುಗಿಯುತ್ತದೆ. ಹಿಂದಿನ ಜೋಡಿ ರೆಕ್ಕೆಯ ಒಳಬದಿಯಲ್ಲಿ ಹೆಣ್ಣನ್ನು ಕೂಡಲು ಬೇಕಾದ ಎರಡು ಕೋಲಿನಂಥ ಅಂಗಗಳು ಇರುತ್ತವೆ, ಅವೇ ಕ್ಲಾಸ್ಪರ್‌ಗಳು. ಎಳೆಯದರಲ್ಲಿ ಅವು ಗಿಡ್ಡ, ಮೆತ್ತಗೆ, ಒತ್ತಿದರೆ ಬಗ್ಗುತ್ತವೆ. ಪ್ರಾಯಕ್ಕೆ ಬಂದದ್ದರಲ್ಲಿ ಸುಣ್ಣಗಟ್ಟಿ ಗಡುಸಾಗಿರುತ್ತವೆ, ಬುಡದಲ್ಲಿ ತಿರುಗಿಸಿದರೆ ಮುಂದಕ್ಕೆ ಮಗುಚಿಕೊಳ್ಳುತ್ತವೆ, ತುದಿ ಬಿಡಿಸಿಕೊಳ್ಳುತ್ತದೆ. ಮೀನಿನ ಉದ್ದದ ಎದುರು ಕ್ಲಾಸ್ಪರ್ ಉದ್ದವನ್ನು ಗ್ರಾಫಿನಲ್ಲಿ ಗುರುತಿಸುತ್ತಾ ಹೋದರೆ ಒಂದು ಕಡೆ ಗೆರೆ ಥಟ್ಟನೆ ಮೇಲೇರುತ್ತದೆ. ಅದೇ ಹರೆಯ. ಮುಶಿಯಲ್ಲಿ ಗಂಡುಗಳು 24ರಿಂದ 36 ಸೆಂ.ಮೀ. ಒಳಗೆ, ಹೆಣ್ಣುಗಳು 33ರಿಂದ 35 ಸೆಂ.ಮೀ. ಹೊತ್ತಿಗೆ ಪ್ರಾಯಕ್ಕೆ ಬರುತ್ತವೆ.

ಹೆಣ್ಣಿಗೆ ಸಮಯ ಕೊಡಬೇಕು. ಅಂಗಾತ ಮಲಗಿಸಿ, ಗುದದ್ವಾರದಿಂದ ಎದೆಯ ರೆಕ್ಕೆಗಳ ನಡುವಿನವರೆಗೆ ಕತ್ತರಿಯ ಮೊಂಡು ತುದಿಯನ್ನು ಒಳಗಿಟ್ಟು ಕೊಯ್ಯಬೇಕು. ಮೊದಲು ಎದುರಾಗುವುದು ಲಿವರ್, ಎರಡು ಉದ್ದ ಹಾಳೆಗಳಾಗಿ ಇಡೀ ಹೊಟ್ಟೆಯನ್ನೇ ಆವರಿಸಿರುತ್ತದೆ. ಅದನ್ನು ತೂಕಕ್ಕೆಂದು ಬೇರೆ ತೆಗೆದಿಟ್ಟು, ಕರುಳನ್ನು ಪಕ್ಕಕ್ಕೆ ಸರಿಸಿದರೆ ಬೆನ್ನಿಗೆ ಅಂಟಿಕೊಂಡಂತೆ ಎರಡು ಗರ್ಭಕೋಶಗಳು ಕಾಣುತ್ತವೆ.

ಒಂದು ಹೆಣ್ಣಿನ ಟಿಪ್ಪಣಿ ನನ್ನ ಪುಸ್ತಕದಲ್ಲಿ ಹೀಗಿದೆ: ಉದ್ದ 46 ಸೆಂ.ಮೀ., ಎಡ ಗರ್ಭಕೋಶದಲ್ಲಿ 6 ಮರಿ, ಬಲದಲ್ಲಿ 7. ಗರ್ಭಕೋಶದ ಗೋಡೆ ಎಷ್ಟು ತೆಳುವೆಂದರೆ ಕೊಯ್ಯುವ ಮೊದಲೇ ಮರಿಗಳ ಕಣ್ಣು ಕಪ್ಪು ಚುಕ್ಕಿಯಾಗಿ ಕಾಣುತ್ತಿತ್ತು. ಒಂದೊಂದು ಮರಿಯೂ ತನ್ನದೇ ಕೋಣೆಯಲ್ಲಿ ಮಡಚಿಕೊಂಡು ಕೂತಿತ್ತು, ನಡುವೆ ತೆಳು ಪೊರೆಯ ಗೋಡೆ. ಚಿಮಟದಿಂದ ಒಂದನ್ನು ಎತ್ತಿದೆ. ಎದೆಯ ರೆಕ್ಕೆಗಳ ನಡುವಿನಿಂದ ಹೊರಟ ಹೊಕ್ಕುಳಬಳ್ಳಿ ಅದರೊಂದಿಗೆ ಬಿಗಿಯಾಗಿ ಎದ್ದು ಬಂತು. ಬಳ್ಳಿಯ ಉದ್ದಕ್ಕೂ ಸಣ್ಣ ಸಣ್ಣ ಎಳೆಗಳ ಕುಚ್ಚು, ಪೂಜೆಗೆ ಹತ್ತಿಯಲ್ಲಿ ಮಾಡುವ ಗೆಜ್ಜೆವಸ್ತ್ರದ ಹಾಗೆ. ಒಂದೊಂದು ಎಳೆಯಲ್ಲೂ ರಕ್ತನಾಳ. ಬಳ್ಳಿಯ ಆಚೆ ತುದಿ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡಿತ್ತು. ಅಲ್ಲಿರುವುದು ಮಾಸು. ದನದಲ್ಲಿ, ಮನುಷ್ಯರಲ್ಲಿ ಇರುವಂಥದ್ದೇ ಕೆಲಸ ಮಾಡುವ ಮಾಸು, ಮೀನಿನಲ್ಲಿ.

ಮಾಸು ಇರುವ ಶಾರ್ಕ್‌ಗಳು ಬೇರೆಯೂ ಇವೆ. ಹೆಚ್ಚಿನವುಗಳಲ್ಲಿ ಮೊಟ್ಟೆಗೆ ಸಾಕಷ್ಟು ಭಂಡಾರ, ಅಂದರೆ ಮರಿಗೆ ಆಹಾರವಾಗುವ ಹಳದಿ ಭಾಗ ಇರುತ್ತದೆ. ಮರಿ ಮೊದಲ ಕೆಲವು ಕಾಲ ಅದನ್ನು ತಿಂದು ಬೆಳೆದು, ಭಂಡಾರ ಮುಗಿದ ಮೇಲೆ ಆ ಖಾಲಿ ಚೀಲವೇ ಮಾಸಾಗಿ ತಾಯಿಗೆ ಅಂಟಿಕೊಳ್ಳುತ್ತದೆ. ಮುಶಿಯ ಮೊಟ್ಟೆಯೋ ಬರೀ 1 ಮಿ.ಮೀ., ಗೊತ್ತಿರುವ ಶಾರ್ಕ್‌ಗಳಲ್ಲೆಲ್ಲ ಅತಿ ಚಿಕ್ಕದು. ಅದರಲ್ಲಿ ಕಟ್ಟಿಕೊಟ್ಟ ಬುತ್ತಿ ಇಲ್ಲವೆಂದೇ ಹೇಳಬೇಕು. ಹಾಗಾಗಿ ಭ್ರೂಣ ಬಹಳ ಬೇಗ ತಾಯಿಯ ಗೋಡೆಗೆ ಕಚ್ಚಿಕೊಳ್ಳಲೇಬೇಕು. 1 ಮಿ.ಮೀ. ಮೊಟ್ಟೆಯಿಂದ ಐದಾರು ತಿಂಗಳಲ್ಲಿ 12ರಿಂದ 15 ಸೆಂ.ಮೀ. ಮರಿಯಾಗಿ ಹುಟ್ಟುವವರೆಗೆ ಬೇಕಾದ್ದೆಲ್ಲ ತಾಯಿಯ ರಕ್ತದಿಂದಲೇ ಬರಬೇಕು.

ಇದರಿಂದ ಕೆಲಸದಲ್ಲೂ ಒಂದು ತೊಡಕು ಬರುತ್ತದೆ. ಬಂಗುಡೆ, ಅಂಜಲ್ ಮೇಲೆ ಕೆಲಸ ಮಾಡಿ ಬಂದವರು ಅಂಡಾಶಯದ ತೂಕವನ್ನು ಮೈತೂಕದಿಂದ ಭಾಗಿಸಿ, ಆ ಸಂಖ್ಯೆ ಯಾವ ತಿಂಗಳಲ್ಲಿ ಏರುತ್ತದೋ ಅದೇ ಸಂತಾನದ ಕಾಲ ಎನ್ನುತ್ತಾರೆ. ಅಲ್ಲಿ ಅದು ಸರಿ. ಮುಶಿಯಲ್ಲಿ ಅಂಡಾಶಯ ಉಬ್ಬುವುದೇ ಇಲ್ಲ, ಉಬ್ಬಲು ಅದರಲ್ಲಿ ಭಂಡಾರ ಎಲ್ಲಿದೆ? ನನಗೆ ಆ ಸಂಖ್ಯೆಯಿಂದ ಏನೂ ಸಿಗಲಿಲ್ಲ. ಗರ್ಭಕೋಶ ತೆರೆದು ಮರಿಯನ್ನು ಅಳೆಯುವುದೊಂದೇ ದಾರಿ. ತೀರಾ ಎಳೆಯ ಬಸಿರಾದರೆ ಬರಿಗಣ್ಣಿಗೆ ಗರ್ಭಕೋಶದಲ್ಲಿ ಸಣ್ಣ ಗಂಟುಗಳು ಮಾತ್ರ ಕಾಣುತ್ತವೆ. ಅಂಥದ್ದನ್ನು ಇಡಿಯಾಗಿ ಕತ್ತರಿಸಿ, ಕೆಡದಂತೆ ಹಿಡಿದಿಡುವ ಬೌಯಿನ್ ದ್ರಾವಣಕ್ಕೆ ಹಾಕಿ, ಆಮೇಲೆ ಮೇಣದಲ್ಲಿ ಕೂರಿಸಿ 5 ಮೈಕ್ರಾನ್ ಸೀಳು ತೆಗೆದು ನೋಡಬೇಕು. ಬೌಯಿನ್ ಎಂದರೆ ನೀರಿನಲ್ಲಿ ಕರಗುವಷ್ಟೂ ಕರಗಿಸಿದ ಪಿಕ್ರಿಕ್ ಆಮ್ಲ 75 ಪಾಲು, ಫಾರ್ಮಾಲಿನ್ 25, ಗ್ಲೇಷಿಯಲ್ ಅಸಿಟಿಕ್ ಆಮ್ಲ 5. ಕೈಗೆ ತಾಗಿದರೆ ಅರಿಶಿನದ ಬಣ್ಣ ದಿನಗಟ್ಟಲೆ ಹೋಗುವುದಿಲ್ಲ. ಅದು ಹೋಗಲಿ, ಪಿಕ್ರಿಕ್ ಆಮ್ಲದ ಡಬ್ಬಿ ಒಣಗದಂತೆ ಮಾತ್ರ ನೋಡಿಕೊಳ್ಳಿ. ಒಣಗಿದರೆ ಅದು ಸ್ಫೋಟಕ.

ಮರಿ ಎಣಿಸುವುದು ಸುಲಭ ಅನಿಸುತ್ತದೆ, ಅಲ್ಲ. ಬಲೆಗೆ ಬಿದ್ದ ಗಾಬರಿಗೆ, ಮೇಲೆ ಬಿದ್ದ ರಾಶಿಯ ಭಾರಕ್ಕೆ ಬಸುರಿ ಶಾರ್ಕ್‌ಗಳು ಮರಿ ಕಳಚಿಬಿಡುತ್ತವೆ. ದಕ್ಕೆಗೆ ಬರುವ ಹೊತ್ತಿಗೆ ಒಂದು ಗರ್ಭಕೋಶದಲ್ಲಿ 6, ಇನ್ನೊಂದರಲ್ಲಿ 2 ಸಿಕ್ಕರೆ ಅದನ್ನು 8 ಎಂದು ಬರೆಯಬಾರದು. ಗೋಡೆಯಲ್ಲಿ ಮಾಸು ಅಂಟಿದ್ದ ಜಾಗಗಳು ಉಳಿದಿರುತ್ತವೆ, ಅವನ್ನೂ ಎಣಿಸಬೇಕು. ನಾನು ಹಾಳೆಯಲ್ಲಿ ಎರಡು ಕಾಲಂ ಇಟ್ಟಿದ್ದೆ: ಸಿಕ್ಕ ಮರಿ, ಇದ್ದ ಜಾಗ. ಸಾಮಾನ್ಯವಾಗಿ ಒಂದು ಬಸಿರಿಗೆ 6ರಿಂದ 18 ಮರಿ. ತಾಯಿ ದೊಡ್ಡದಾದಷ್ಟೂ ಮರಿಗಳು ಹೆಚ್ಚು. ಎರಡನೆಯ ಕಾಲಂ ಇಲ್ಲದಿದ್ದರೆ ಈ ಸಂಬಂಧವೇ ಮಸುಕಾಗಿ ಕಾಣುತ್ತದೆ.

ಹಾಗೆ ಕಳಚಿ ಬಿದ್ದ ಮರಿಗಳು ರಾಶಿಯಲ್ಲೇ ಇರುತ್ತವೆ. ಇವನ್ನು ಹುಟ್ಟಿದ ಮರಿ ಎಂದು ಎಣಿಸಿದರೆ ಇಲ್ಲದ ಹೆರಿಗೆಯ ಕಾಲವೊಂದು ನಿಮ್ಮ ಗ್ರಾಫಿನಲ್ಲಿ ಹುಟ್ಟಿಕೊಳ್ಳುತ್ತದೆ. ಎದೆಯ ರೆಕ್ಕೆಗಳ ನಡುವೆ ಹೊಕ್ಕುಳಿನ ಗಾಯ ನೋಡಬೇಕು. ಬಳ್ಳಿಯ ತುಂಡು ನೇತಾಡುತ್ತಿದ್ದರೆ ಬಿದ್ದದ್ದು. ಗಾಯ ಮುಚ್ಚಿಕೊಳ್ಳುತ್ತಿದ್ದರೆ ಹುಟ್ಟಿ ಈಜಿದ್ದು.

ಇದನ್ನು ಮುಂಬೈಯ ಇನ್ನೊಂದು ದಕ್ಕೆಯಾದ ಸಸೂನ್ ಡಾಕ್‌ನಲ್ಲಿ ಗಂಗೊಳ್ಳಿ ಕಡೆಯ ಒಬ್ಬರು ಮಾವನಿಗೆ ಹೇಳಿಕೊಟ್ಟಿದ್ದೆ. ಟ್ರಾಲ್ ಬೋಟುಗಳ ಮೀನು ಇಳಿಸಿ ಹರಾಜಿಗಿಡುವ ಕೆಲಸದಲ್ಲಿ ತಲೆ ಬೆಳ್ಳಗಾದವರು. ಮೊದಲ ದಿನ ನನ್ನ ಮಾತಿನಲ್ಲಿ ಕುಂದಾಪುರ ಕೇಳಿಸಿದ್ದೇ ಹತ್ತಿರ ಬಂದು, "ಎಂತ ಹುಡ್ಕುದ್ ಹೆಣ್ಣೇ ಅದ್ರ್ ಹೊಟ್ಟಿ ಒಳ್ಗೆ?" ಎಂದಿದ್ದರು. ಹೇಳಿದೆ. "ಬಸ್ರಿ ಕೊಯ್ಯುದ್ ಪಾಪ ಅಲ್ದಾ?" ಎಂದವರೇ ತಕ್ಷಣ ತಾವೇ ನಕ್ಕರು. ನಮ್ಮೂರಲ್ಲಿ ಬಾಣಂತಿಗೆ ಹಾಲು ಬರಲಿ ಎಂದು ಮರಿ ತಾಟೆಯ ಸಾರು ಮಾಡಿ ಹಾಕುವುದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಅವರು ಬೇರೆ ಬೇರೆ ಸರಕನ್ನೂ ನನಗಾಗಿ ತೆಗೆದಿಡತೊಡಗಿದರು. ಒಂದೇ ದಕ್ಕೆಯಲ್ಲಿ ಎಷ್ಟು ಬಗೆಯ ತಾಯ್ತನ ಇದೆ ಎಂದು ನಾನು ಕಂಡದ್ದು ಅವರ ಬುಟ್ಟಿಯಿಂದ. ಬಿದಿರು ಶಾರ್ಕ್ ಗಟ್ಟಿ ಕೋಶದೊಳಗೆ ಮೊಟ್ಟೆ ಇಡುತ್ತದೆ. ತೊರಕೆ ಮರಿಯನ್ನು ಒಳಗೇ ಬೆಳೆಸುತ್ತದೆ, ಆದರೆ ಮಾಸಿಲ್ಲ. ಗರ್ಭಕೋಶದ ಗೋಡೆಯ ಎಳೆಗಳು ಒಸರುವ ಕೊಬ್ಬಿನ ಹಾಲನ್ನೇ ಮರಿ ಕುಡಿಯುತ್ತದೆ. ತೊರಕೆಯ ಗರ್ಭಕೋಶ ಕೊಯ್ದಾಗ ಕತ್ತರಿಯ ಮೇಲೆ ಹಳದಿ ಹಾಲು ಹರಿದದ್ದು ನೋಡಿ ಮಾವ ಹರಾಜನ್ನೂ ಮರೆತು ನಿಂತಿದ್ದರು.

ಈ ಎಲ್ಲ ಕೊಯ್ತದಿಂದ ನನಗೆ ದಕ್ಕಿದ ಮುಖ್ಯ ಸಂಗತಿ ಒಂದೇ. ಮುಶಿಗೆ ಸಂತಾನದ ಕಾಲ ಎಂದಿಲ್ಲ. ಒಂದೇ ದಿನದ ಒಂದೇ ಬುಟ್ಟಿಯಲ್ಲಿ ಗಂಟಿನಂಥ ಎಳೆಯ ಬಸಿರು, ಅರ್ಧ ಬೆಳೆದ ಮರಿ, ಇಂದೋ ನಾಳೆಯೋ ಹುಟ್ಟಬೇಕಾದ ಮರಿ ಮೂರೂ ಸಿಗುತ್ತವೆ. ಚಳಿಗಾಲದಲ್ಲೂ ಹಾಗೆ, ಬೇಸಿಗೆಯಲ್ಲೂ ಹಾಗೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಬಂದ್. ಮಳೆಗಾಲದಲ್ಲಿ ಮೊಟ್ಟೆ ಇಡುವ ಬೈಗೆಯಂಥ (ಬೂತಾಯಿ) ಮೀನಿಗೆ ಇದು ನಿಜವಾದ ರಕ್ಷಣೆ. ಮುಶಿಗೆ ಅದು ವರ್ಷದ ಆರನೇ ಒಂದು ಪಾಲಿನ ವಿರಾಮ, ಅಷ್ಟೇ. ಐದಾರು ತಿಂಗಳ ಬಸಿರು ಎರಡು ತಿಂಗಳ ರಜೆಯಲ್ಲಿ ಹಿಡಿಸುವುದಿಲ್ಲ. ಯಾವ ತಿಂಗಳಲ್ಲಿ ಬಸಿರಾದರೂ ಕನಿಷ್ಠ ಮೂರು ತಿಂಗಳು ಬಲೆಗಳ ನಡುವೆಯೇ ಕಳೆಯಬೇಕು. ಬೈಗೆ ಒಂದು ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಬಿಡುತ್ತದೆ, ಮುಶಿಯ ಲೆಕ್ಕ ಡಜನ್ನಿನಲ್ಲಿ. ಇದನ್ನು ಹೇಳಿದಾಗ ಮಾವ, "ದೊಡ್ಡ್ ಹೆಣ್ಣ್ ಸಿಕ್ರೆ ಬಿಡಿ ಅಂದ್ರೆ ಯಾರ್ ಬಿಡ್ತ್ರ್? ಬಲಿಂದ ಸತ್ತೇ ಬತ್ತ್," ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನೀರಿಗೆ ಬಿಟ್ಟರೆ ಬದುಕುವ ಸ್ಥಿತಿಯಲ್ಲಿ ಟ್ರಾಲ್ ಬಲೆಯಿಂದ ಮುಶಿ ಬರುವುದು ಅಪರೂಪ. ನನ್ನ ಮಟ್ಟಿಗೆ, ಉಪಾಯ ಇದ್ದರೆ ಬಲೆಯ ಕಣ್ಣಿನ ಅಳತೆಯಲ್ಲಿ ಮತ್ತು ಮರಿಗಳು ಹೆಚ್ಚಿರುವ ದಡದ ನೀರನ್ನು ಬಿಟ್ಟುಕೊಡುವುದರಲ್ಲಿ ಇದೆ. ಕ್ಯಾಲೆಂಡರಿನಲ್ಲಿ ಇಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಪ್ರಾಯಕ್ಕೆ ಬಂದ ಅಳತೆ ಮತ್ತು ನಿಜವಾಗಿ ಬಸುರಿಯಾಗುವ ಅಳತೆ ಒಂದೇ ಎಂದು ತಿಳಿಯಬೇಡಿ. ಅಂಡಾಶಯ ಸಿದ್ಧವಿದ್ದೂ ಗರ್ಭಕೋಶ ದಾರದಂತೆ ಸಪೂರವಿರುವ ಹೆಣ್ಣುಗಳು ಬೇಕಾದಷ್ಟು ಸಿಗುತ್ತವೆ. ಎರಡು ಸೆಂ.ಮೀ.ಗೊಂದು ಗುಂಪು ಮಾಡಿ, ಯಾವ ಗುಂಪಿನಲ್ಲಿ ಅರ್ಧದಷ್ಟು ಹೆಣ್ಣು ಪ್ರಾಯಕ್ಕೆ ಬಂದಿವೆ, ಯಾವುದರಲ್ಲಿ ಅರ್ಧದಷ್ಟು ಬಸುರಿಯಾಗಿವೆ ಎಂದು ಎರಡು ಗೆರೆ ಎಳೆಯಿರಿ. ನಿಯಮ ಮಾಡುವವರಿಗೆ ಕೊಡಬೇಕಾದದ್ದು ಎರಡನೆಯದನ್ನು.

ಜೂನ್, ಜುಲೈ ತಿಂಗಳ ಮೀನು ಎಲ್ಲಿಂದ ತರುವುದು ಎಂದು ಈ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುತ್ತಾರೆ. ಬೋಟುಗಳೇ ಇಳಿಯದಿದ್ದರೆ ವರ್ಷವಿಡೀ ಬಸಿರು ಎನ್ನಲು ಆಧಾರ ಏನು? ಆಗಸ್ಟಿನ ಮೊದಲ ಮೀನೇ ಆಧಾರ. ನಾರಳಿ ಪುನವ್, ಅಂದರೆ ಶ್ರಾವಣ ಹುಣ್ಣಿಮೆಯ ಆಸುಪಾಸಿಗೆ ವರ್ಸೋವಾದಲ್ಲಿ ಬೋಟುಗಳು ಇಳಿದ ಮೊದಲ ದಿನಗಳಲ್ಲಿ ಸಿಕ್ಕ ಹೆಣ್ಣುಗಳನ್ನು ಕೊಯ್ದು ಮರಿಯ ಉದ್ದ ಅಳೆದರೆ, ಬಸಿರಿನ ಒಟ್ಟು ಅವಧಿಯಿಂದ ಹಿಂದಕ್ಕೆ ಎಣಿಸಿ ಯಾವ ತಿಂಗಳಲ್ಲಿ ಗರ್ಭ ನಿಂತಿತು ಎಂದು ಅಂದಾಜಿಸಬಹುದು. ಗಂಟಿನಷ್ಟೇ ಇರುವ ಬಸಿರು ಜುಲೈಯದು, ಹುಟ್ಟಲು ಸಿದ್ಧವಾದ ಮರಿ ಫೆಬ್ರವರಿ ಮಾರ್ಚಿನದು. ಆ ವಾರ ಊರಿಗೆ ಹೋಗಬೇಡಿ, ಐಸ್ ಡಬ್ಬಿ ಹಿಂದಿನ ರಾತ್ರಿಯೇ ತುಂಬಿಸಿಡಿ. ಲೋಕಲ್ ರೈಲಿನಲ್ಲಿ ತರುವುದಾದರೆ ಲಗೇಜ್ ಡಬ್ಬಿಗೇ ಹತ್ತಿ. ಮುಶಿ ಕೆಟ್ಟರೆ ಮೈಯ ಯೂರಿಯಾ ಅಮೋನಿಯಾ ಆಗುತ್ತದೆ, ಆ ವಾಸನೆಗೆ ಬೇರೆ ಡಬ್ಬಿಯವರು ಮುಂದಿನ ಸ್ಟೇಷನ್ನಿನಲ್ಲೇ ನಿಮ್ಮನ್ನು ಇಳಿಸುತ್ತಾರೆ.