ಜಪಾನಿನಲ್ಲಿ ಮೀನೂಟ: ನಾಲ್ಕನೇ ಸಲಕ್ಕೆ ಸರಿಹೋದ ನನ್ನ ಲೆಕ್ಕ

ಕಂಪನಿ ಕೆಲಸಕ್ಕೆ ಮೊದಲ ಸಲ ನಗೋಯಾ ಕಡೆ ಹೊರಟಾಗ ಬ್ಯಾಗಿನಲ್ಲಿ ಐದಾರು ಕೆಜಿ ತಿಂಡಿಯೇ ಇತ್ತು. ಉಪ್ಪಿಟ್ಟಿನ ಪ್ಯಾಕೆಟ್, ಅವಲಕ್ಕಿ, ಚಟ್ನಿಪುಡಿ. ನಮ್ಮ ಶಿವಮೊಗ್ಗದ ಫೌಂಡ್ರಿಯಿಂದ ನನಗಿಂತ ಮೊದಲು ಹೋಗಿಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಅಲ್ಲಿ ಹಸಿ ಮೀನು ಕೊಡ್ತಾರೆ. ಹೊಟ್ಟೆ ಕೆಡಿಸ್ಕೊಬೇಡ ಮಾರಾಯ." ಕಳೆದ ಸಲ, ಅಂದರೆ ನಾಲ್ಕನೇ ಸಲ, ಹದಿನೆಂಟು ದಿನ ಇದ್ದೆ. ಒಂದು ದಿನ ಬಿಟ್ಟು ಎಲ್ಲ ದಿನವೂ ಮೀನು ತಿಂದೆ. ಹೊಟ್ಟೆ ಕೆಡಲಿಲ್ಲ, ಕಂಪನಿ ದಿನದ ಖರ್ಚಿಗೆ ಕೊಡುವ ಡಿಎಯಲ್ಲಿ ಅರ್ಧದ ಹತ್ತಿರ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಸುಮ್ನೆ ಕಳೆದ ದುಡ್ಡಿನ ಕಥೆ ಮೊದಲು. ಮೊದಲ ಸಲ ಸಂಜೆ ಒಂದು ಇಜಕಾಯಾಗೆ, ಅಂದರೆ ಕುಡಿಯಲು ತಿನ್ನಲು ಎರಡೂ ಸಿಗುವ ಅಂಗಡಿಗೆ, ಹೋದೆ. ಕೂತ ಕೂಡಲೇ ಪುಟ್ಟ ಬಟ್ಟಲಲ್ಲಿ ಏನೋ ಇಟ್ಟರು. ಬಿಟ್ಟಿ ಅಂದುಕೊಂಡೆ. ಬಿಲ್ಲಿನಲ್ಲಿ ಅದಕ್ಕೆ ನಾನೂರು ಯೆನ್. ಅದನ್ನು ಓತೋಶಿ ಅನ್ನುತ್ತಾರೆ, ಕೂತಿದ್ದಕ್ಕೆ ಕೊಡುವ ದುಡ್ಡು ಅಂತಲೇ ಲೆಕ್ಕ. ಇನ್ನೊಂದು ದಿನ ಸುಶಿ, ಅಂದರೆ ಅನ್ನದ ಮೇಲೆ ಮೀನಿನ ತುಂಡಿಟ್ಟು ಕೊಡುವ ಅಂಗಡಿ. ಗೋಡೆಯ ಹಲಗೆಯಲ್ಲಿ ಮೀನಿನ ಹೆಸರಿತ್ತು, ರೇಟಿರಲಿಲ್ಲ. ಅವತ್ತಿನ ಮಾರ್ಕೆಟ್ ರೇಟು ಅಂತ ಅದರರ್ಥ. ಎಂಟೋ ಒಂಬತ್ತೋ ತುಂಡಿಗೆ ಏಳು ಸಾವಿರ ಯೆನ್ ಹತ್ತಿರ ಆಯಿತು. ನನ್ನ ಡಿಎ ದಿನಕ್ಕೆ ನಾಲ್ಕೂವರೆ ಸಾವಿರ ಯೆನ್. ಮುಂದಿನ ಎರಡು ದಿನ ಬ್ರೆಡ್ಡು, ಬಾಳೆಹಣ್ಣು.

ಎರಡನೇ ಸಲ ನಾನೇ ಅಡುಗೆ ಮಾಡಲು ಹೋದೆ. ಸಣ್ಣ ಕರೆಂಟ್ ಪಾತ್ರೆ ತಗೊಂಡು ಹೋಟೆಲ್ ರೂಮಿನಲ್ಲೇ ಮೀನು ಸಾರು. ಸಾರೇನೋ ಚೆನ್ನಾಗಿತ್ತು. ವಾಸನೆ ಪರದೆಗೆಲ್ಲ ಹತ್ತಿತು. ಖಾಲಿ ಮಾಡುವ ದಿನ ಕ್ಲೀನಿಂಗ್ ಅಂತ ಹತ್ತು ಸಾವಿರ ಯೆನ್ ಕೇಳಿದರು, ತಲೆತಗ್ಗಿಸಿ ಕೊಟ್ಟೆ.

ದಾರಿ ಸಿಕ್ಕಿದ್ದು ಮೂರನೇ ಸಲ. ಫ್ಯಾಕ್ಟರಿಯ ಲೈನಿನಲ್ಲಿ ಕೆಲಸ ಮಾಡುವವರು ಮಧ್ಯಾಹ್ನ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಹಿಂದಿಂದೆ ಹೋದೆ. ಅಲ್ಲಿನ ಊಟಕ್ಕೆ ತೇಶೋಕು ಅಂತಾರೆ. ಅನ್ನ, ಮಿಸೋ (ಹುದುಗಿಸಿದ ಸೋಯಾ) ಸೂಪು, ಉಪ್ಪಿನಕಾಯಿ, ಒಂದು ಮೀನು. ಒಂಬೈನೂರು, ಸಾವಿರ ಯೆನ್ ಒಳಗೆ. ಅಂದರೆ ಐನೂರೈವತ್ತು ರೂಪಾಯಿ ಆಸುಪಾಸು. ರಾತ್ರಿಗೆ ಅದೇ ಅಂಗಡಿಯಲ್ಲಿ ಅದೇ ಮೀನಿಗೆ ಬೇರೆ ರೇಟು. ನಾನು ಕೇಳುವುದು ಸಾಬಾ ಶಿಯೋಯಾಕಿ. ಸಾಬಾ ಅಂದರೆ ನಮ್ಮ ಬಂಗಡೆಯ ನೆಂಟ, ಕೊಬ್ಬು ಮಾತ್ರ ಜಾಸ್ತಿ. ಶಿಯೋಯಾಕಿ ಅಂದರೆ ಬರೀ ಉಪ್ಪು ಹಾಕಿ ಸುಡುವುದು. ಚರ್ಮ ಗುಳ್ಳೆಗುಳ್ಳೆಯಾಗಿ ಎದ್ದಿರುತ್ತದೆ, ಊಟದ ಕಡ್ಡಿ ತಾಗಿಸಿದರೆ ಕರುಂ ಅನ್ನುತ್ತದೆ, ಒಳಗಿಂದ ಎಣ್ಣೆ ಜಿನುಗುತ್ತದೆ. ಪಕ್ಕದಲ್ಲಿ ತುರಿದ ಮೂಲಂಗಿ. ಮೂಲಂಗಿಗೆ ನಾಲ್ಕು ಹನಿ ಸೋಯಾ ಸಾಸ್ ಬಿಟ್ಟು ಮೀನಿನ ಜೊತೆ ತಿನ್ನಬೇಕು.

ಶರತ್ಕಾಲದಲ್ಲಿ ಹೋದರೆ ಸನ್ಮಾ ಬಿಡಬೇಡಿ. ಕತ್ತಿಯಂಥ ಉದ್ದ ಮೀನು, ಹೊಟ್ಟೆ ತೆಗೆಯದೆ ಇಡಿಯಾಗಿ ಸುಡುತ್ತಾರೆ. ಹೊಟ್ಟೆ ಭಾಗ ಹಾಗಲಕಾಯಿಯಷ್ಟು ಕಹಿ, ಅದೇ ಅದರ ರುಚಿ. ಬೆನ್ನಿನುದ್ದಕ್ಕೂ ಕಡ್ಡಿಯಿಂದ ಒತ್ತಿ, ಬಾಲ ಮುರಿದು, ತಲೆ ಹಿಡಿದು ಎಳೆದರೆ ಮುಳ್ಳು ಪೂರ್ತಿ ಬರುತ್ತದೆ. ನಾನು ಒಂದೇ ಎಳೆತಕ್ಕೆ ತೆಗೆದಿದ್ದನ್ನು ನೋಡಿ ಅಲ್ಲಿನ ಸೂಪರ್‌ವೈಸರ್ ಚಪ್ಪಾಳೆ ತಟ್ಟಿದರು. ಮುಂಗಾರಿನಲ್ಲಿ ನೀರಿಗೆದುರಾಗಿ ಹತ್ತಿಬರುವ ಹತ್ತುಮೀನಿನ ಮುಳ್ಳು ಬಿಡಿಸುತ್ತ ಬೆಳೆದ ಕೈ ಇದು, ಅಲ್ವಾ?

ರಾತ್ರಿಗೆ ಸೂಪರ್‌ಮಾರ್ಕೆಟ್. ಮುಚ್ಚುವ ಹೊತ್ತು ಹತ್ತಿರವಾದಂತೆ ಹಸಿ ಮೀನಿನ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತ ಬರುತ್ತಾರೆ. ಮೊದಲು 20 ಪರ್ಸೆಂಟ್ ಕಡಿಮೆ, ಆಮೇಲೆ 30, ಕೊನೆಗೆ ಹಂಗಾಕು, ಅಂದರೆ ಅರ್ಧ ಬೆಲೆ. ಟ್ಯೂನಾ, ಸಾಲ್ಮನ್ ಎರಡೂ ಇರುವ ಡಬ್ಬಿ ನಾನೂರು ಯೆನ್‌ಗೆ ಸಿಕ್ಕಿದೆ. ಅವತ್ತೇ ತಿಂದು ಮುಗಿಸಬೇಕು. ಯಾವ ಗಂಟೆಗೆ ಹೋಗಿ ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಹಸಿ ಸಾಬಾ ಮಾತ್ರ ನಾನು ಮುಟ್ಟುವುದಿಲ್ಲ. ಅನಿಸಾಕಿಸ್ ಅನ್ನುವ ಹುಳ ಅದರಲ್ಲಿ ಇರಬಹುದು. ವಿನೆಗರಿನಲ್ಲಿ ನೆನೆಸಿದರೂ ಸಾಯದು. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಡಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು. ಹೊಟ್ಟೆ ಕೆಡುತ್ತೆ ಅಂದವರ ಮಾತಿನಲ್ಲಿ ಇಷ್ಟು ನಿಜವಿತ್ತು.

ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಡಬ್ಬಿ ಇರುತ್ತದೆ. ಸೂಜಿಮೆಣಸು, ಒಣಗಿದ ಉಪ್ಪಾಗೆ (ಮಲೆನಾಡಿನ ಹುಳಿ ಹಣ್ಣು) ಸಿಪ್ಪೆ, ಇನ್ನೆರಡು ಸಾಮಾನು ಹುರಿದು ಮಾಡಿದ ಪುಡಿ. ಆ ಎರಡು ಯಾವುದು ಅಂತ ಅಮ್ಮ ಹೇಳಬೇಡ ಅಂದಿದ್ದಾರೆ. ಸುಟ್ಟ ಸಾಬಾಗೆ ಒಂದು ಚಿಟಿಕೆ ಉದುರಿಸಿದರೆ ಸಾಕು. ಉಪ್ಪಾಗೆ ಹುಳಿಯನ್ನೇ ಬಾಟಲಿಯಲ್ಲಿ ಒಯ್ದಿದ್ದೆ ಒಂದು ಸಲ. ಸೋರಿ ಎರಡು ಅಂಗಿ ಹೋಯಿತು.

ಊರಿಗೆ ಬಂದ ಮೇಲೆ ಶಿಯೋಯಾಕಿಯನ್ನು ಬಂಗಡೆಯಲ್ಲಿ ಮಾಡಿ ನೋಡಿದೆ. "ಮಸಾಲೆ ಹಚ್ಚದೆ ಮೀನಾ? ನೀವೇ ತಿನ್ರಿ," ಅಂದಳು ಹೆಂಡತಿ. ಮೊದಲೆರಡು ಸಲ ಅವಳ ಮಾತೇ ಸರಿಯಾಯಿತು. ಐಸಿನಲ್ಲಿ ಎರಡು ದಿನ ಕೂತು ಘಾಟಿ ಹತ್ತಿದ ಮೀನಿಗೆ ಬರೀ ಉಪ್ಪು ಸಾಲದು. ಜೂನ್, ಜುಲೈ ಹೇಗೂ ಕಡಲಿಗೆ ಯಾಂತ್ರಿಕ ಬೋಟು ಇಳಿಯುವುದಿಲ್ಲ. ಆಗಸ್ಟ್ ಕೊನೆಗೆ ಕರಾವಳಿಯ ಗಂಗೊಳ್ಳಿಯಿಂದ ಗೆಳೆಯನೊಬ್ಬ ಬೆಳಿಗ್ಗೆ ಹಿಡಿದ ಬಂಗಡೆಯನ್ನು ಹುಲಿಕಲ್ ಘಾಟಿ ಹತ್ತಿಸಿ ಮಧ್ಯಾಹ್ನಕ್ಕೆ ಮುಟ್ಟಿಸಿದ. ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟೆ. ಬಿಟ್ಟ ನೀರನ್ನು ಬಟ್ಟೆಯಲ್ಲಿ ಒರೆಸಿ ಕೆಂಡದ ಮೇಲಿಟ್ಟೆ. ಆರು ಮೀನಿತ್ತು. ಹೆಂಡತಿ ಮೂರು ತಿಂದಳು.